ಮನೆ ಹರಾಜಾಯಿತು, ಇನ್ನೆಷ್ಟು ದಿನ ಇರಬಹುದು? ಅಮೆರಿಕದಲ್ಲಿ ಫೋರ್‌ಕ್ಲೋಷರ್ ಆದವರಿಗೆ

ಒಂದು ಮಂಗಳವಾರ ಮಧ್ಯಾಹ್ನ ಗೆಳೆಯನೊಬ್ಬ ಫೋನ್ ಮಾಡಿದ. ಟೆಕ್ಸಸ್‌ನಲ್ಲಿ ಅವನ ಮನೆ. "ಅಣ್ಣ, ಹರಾಜು ಮುಗೀತಂತೆ. ಇವತ್ತು ರಾತ್ರಿನೇ ಖಾಲಿ ಮಾಡ್ಬೇಕಾ?" ಅಂತ ಕೇಳಿದ. ಹಿಂದಿನಿಂದ ಪ್ಯಾಕಿಂಗ್ ಟೇಪ್ ಎಳೆಯುವ ಸದ್ದು ಕೇಳಿಸುತ್ತಿತ್ತು. ಅವನ ಹೆಂಡತಿ ಆಗಲೇ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. "ಇಲ್ಲ ಮಾರಾಯ, ಮೊದಲು ಆ ಟೇಪ್ ಕೆಳಗಿಡಿ" ಅಂದೆ. ಅವರು ಮನೆ ಬಿಟ್ಟದ್ದು ಅಲ್ಲಿಂದ 27ನೇ ದಿನಕ್ಕೆ, ಕೈಯಲ್ಲಿ ಒಂದಿಷ್ಟು ದುಡ್ಡೂ ಹಿಡಿದುಕೊಂಡು. ಅದು ಹೇಗಾಯಿತು, ಬೇರೆ ರಾಜ್ಯದಲ್ಲಿದ್ದರೆ ಏನಾಗುತ್ತಿತ್ತು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಆ ಒಂದು ತಿಂಗಳು ಅವನ ಜೊತೆ ಓಡಾಡಿದವನು ಅಷ್ಟೇ, ಆಮೇಲೆ ಇನ್ನೂ ಇಬ್ಬರು ಮೂವರ ಕಾಗದಪತ್ರ ನೋಡಿದವನು.

ಮೊದಲು ಒಂದು ಮಾತು. ಊರಲ್ಲಿ ಬ್ಯಾಂಕಿನವರು ಫೋರ್‌ಕ್ಲೋಷರ್ ಅಂದರೆ ಅವಧಿಗೆ ಮುಂಚೆ ಸಾಲ ತೀರಿಸಿಬಿಡೋದು. ಖುಷಿಯ ವಿಷಯ. ಇಲ್ಲಿ ಅದೇ ಪದಕ್ಕೆ ಪೂರ್ತಿ ಉಲ್ಟಾ ಅರ್ಥ, ಕಂತು ಕಟ್ಟಲಿಲ್ಲ ಅಂತ ಮನೆ ಹರಾಜು ಹಾಕೋದು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನಲ್ಲಿ ಹೇಳುವಾಗ ಇದನ್ನು ಬಿಡಿಸಿ ಹೇಳಿ, ಇಲ್ಲದಿದ್ದರೆ ಅವರು "ಅಯ್ಯೋ ಒಳ್ಳೇದಾಯ್ತಲ್ಲ" ಅಂದುಬಿಡುತ್ತಾರೆ. ನನ್ನ ಗೆಳೆಯನಿಗೆ ಹಾಗೇ ಆಯಿತು.

ಚುಟುಕಾಗಿ ಹೇಳುವುದಾದರೆ

ಹರಾಜು ಆದ ದಿನವೇ ಮನೆ ಬಿಡಬೇಕಾಗಿಲ್ಲ. ಹರಾಜಿನಿಂದ ಹೋಗುವುದು ಮಾಲೀಕತ್ವ. ನೀವು ಒಳಗೆ ವಾಸ ಇದ್ದೀರಲ್ಲ, ಅದನ್ನು ಬಿಡಿಸಲು ಹೊಸ ಮಾಲೀಕ ಬೇರೆಯೇ ದಾರಿ ಹಿಡಿಯಬೇಕು. ಮೊದಲು ನೋಟಿಸ್, ಆಮೇಲೆ ಕೋರ್ಟ್ ಆದೇಶ, ಕೊನೆಗೆ ಆ ಆದೇಶ ಜಾರಿ ಮಾಡುವ ಅಧಿಕಾರಿ, ಅಂದರೆ ಶೆರಿಫ್ ಅಥವಾ ಕಾನ್‌ಸ್ಟೇಬಲ್. ಇದೆಲ್ಲ ಮುಗಿಯಲು ಚುರುಕಾಗಿ ನಡೆದರೆ ಮೂರ್ನಾಲ್ಕು ವಾರ, ನಿಧಾನವಾದರೆ ಕೆಲವು ತಿಂಗಳು. ಹರಾಜಾದ ಮೇಲೂ ದುಡ್ಡು ಕಟ್ಟಿ ಮನೆ ಬಿಡಿಸಿಕೊಳ್ಳಲು ಅವಕಾಶ ಕೊಡುವ ರಾಜ್ಯವಾದರೆ ಆರು ತಿಂಗಳು, ಒಂದೊಂದು ಕಡೆ ಒಂದು ವರ್ಷವೂ ಸಿಗುತ್ತದೆ. ನೀವು ಒಳಗೆ ವಾಸವಿರುವಾಗ ಕೋರ್ಟ್ ಆದೇಶ ಇಲ್ಲದೆ ಬೀಗ ಬದಲಿಸೋದು, ಕರೆಂಟ್ ತೆಗೆಸೋದು, ಸಾಮಾನು ಹೊರಗೆ ಎಸೆಯೋದು ಹೆಚ್ಚುಕಡಿಮೆ ಎಲ್ಲ ಕಡೆಯೂ ತಪ್ಪು. ಯಾರಾದರೂ ಹಾಗೆ ಮಾಡಿದರೆ ಪೊಲೀಸರಿಗೆ ಫೋನ್ ಮಾಡಿ, ಅದೇ ದಿನ ನಿಮ್ಮ ಕೌಂಟಿಯ (ಇಲ್ಲಿನ ಜಿಲ್ಲೆ) ಲೀಗಲ್ ಏಡ್‌ನವರನ್ನು, ಅಂದರೆ ಉಚಿತ ಕಾನೂನು ನೆರವಿನವರನ್ನು, ಹಿಡಿಯಿರಿ.

ಹರಾಜಿಗೆ ಮೊದಲು ಎಷ್ಟು ಸಮಯ ಇರುತ್ತದೆ

ಜನ ಹರಾಜಿನ ನಂತರದ ದಿನಗಳನ್ನು ಎಣಿಸುತ್ತಾರೆ. ನಿಜವಾದ ಸಮಯ ಇರುವುದು ಅದಕ್ಕಿಂತ ಮೊದಲು. ಫೆಡರಲ್ ನಿಯಮದ ಪ್ರಕಾರ, ನೀವು ವಾಸವಿರುವ ಮನೆಯ ಕಂತು 120 ದಿನಕ್ಕಿಂತ ಜಾಸ್ತಿ ಬಾಕಿ ಬೀಳುವವರೆಗೆ ಲೋನ್ ಸರ್ವಿಸರ್ (ಸಾಲದ ಕಂತು ವಸೂಲಿ ನೋಡಿಕೊಳ್ಳುವ ಕಂಪನಿ) ಫೋರ್‌ಕ್ಲೋಷರ್‌ನ ಮೊದಲ ಹೆಜ್ಜೆಯನ್ನೇ ಇಡುವಂತಿಲ್ಲ, ಕೆಲವು ವಿನಾಯಿತಿಗಳನ್ನು ಬಿಟ್ಟರೆ. ಅಂದರೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಬರುವ ಪತ್ರಗಳನ್ನು ಒಡೆಯದೆ ಫ್ರಿಜ್ ಮೇಲೆ ಇಡುವವರೇ ಜಾಸ್ತಿ. ದಯವಿಟ್ಟು ಒಡೆದು ಓದಿ.

ಇನ್ನೊಂದು ಸಂಖ್ಯೆ 37. ಹರಾಜಿಗೆ 37 ದಿನಕ್ಕಿಂತ ಜಾಸ್ತಿ ಇರುವಾಗಲೇ ನೀವು ಸಾಲ ಸಡಿಲಿಸಿ ಕೊಡಿ ಅಂತ ಪೂರ್ತಿ ಅರ್ಜಿ ಕೊಟ್ಟರೆ, ಅದನ್ನು ನೋಡಿ ಉತ್ತರ ಕೊಡುವವರೆಗೆ ಸರ್ವಿಸರ್ ಹರಾಜು ನಡೆಸುವಂತಿಲ್ಲ. "ಪೂರ್ತಿ" ಅನ್ನುವ ಪದ ಮುಖ್ಯ. ಒಂದು ಪೇ ಸ್ಟಬ್ (ಸಂಬಳದ ಚೀಟಿ) ಕಮ್ಮಿ ಇದ್ದರೂ ಅರ್ಜಿ ಅರೆಬರೆ ಅಂತ ಪಕ್ಕಕ್ಕಿಡುತ್ತಾರೆ, ಹರಾಜಿನ ಗಡಿಯಾರ ಓಡುತ್ತಲೇ ಇರುತ್ತದೆ. ಕಳಿಸಿದ ಪ್ರತಿ ಹಾಳೆಯ ನಕಲು, ಕಳಿಸಿದ ದಿನಾಂಕ, ಫೋನಲ್ಲಿ ಮಾತಾಡಿದವರ ಹೆಸರು, ಮೂರನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಈ ಅರ್ಜಿ ತುಂಬಲು ಹಡ್ (ಫೆಡರಲ್ ವಸತಿ ಇಲಾಖೆ) ಮಾನ್ಯತೆ ಇರುವ ಹೌಸಿಂಗ್ ಕೌನ್ಸೆಲರ್‌ಗಳು ಸಹಾಯ ಮಾಡುತ್ತಾರೆ, ಮನೆ ಉಳಿಸಿಕೊಳ್ಳುವ ವಿಷಯಕ್ಕೆ ದುಡ್ಡು ಕೇಳುವುದಿಲ್ಲ.

ಮನೆಯ ಬೆಲೆ ಸಾಲಕ್ಕಿಂತ ಚೆನ್ನಾಗಿಯೇ ಜಾಸ್ತಿ ಇದ್ದರೆ ನನ್ನ ಅಭಿಪ್ರಾಯ ಸರಳ. ಹಟ ಮಾಡಬೇಡಿ, ಹರಾಜಿಗೆ ಮುಂಚೆ ನೀವೇ ಮಾರಿಬಿಡಿ. "ಈ ಮನೆಯಲ್ಲೇ ಗೃಹಪ್ರವೇಶ ಮಾಡಿದ್ವಿ" ಅನ್ನೋ ಸಂಕಟ ಅರ್ಥವಾಗುತ್ತದೆ. ಆದರೆ ಹರಾಜಿನಲ್ಲಿ ಮಾರುಕಟ್ಟೆ ಬೆಲೆ ಬರೋದು ಅಪರೂಪ. ಚಾಪ್ಟರ್ 13, ಅಂದರೆ ಬಾಕಿಯನ್ನು ಕಂತಿನಲ್ಲಿ ತೀರಿಸುವ ದಿವಾಳಿ ಅರ್ಜಿಯೂ ಹರಾಜನ್ನು ನಿಲ್ಲಿಸುತ್ತದೆ, ಆದರೆ ಹರಾಜಿಗೆ ಮೊದಲೇ ಹಾಕಿರಬೇಕು. ಮುಗಿದ ಮೇಲೆ ಹಾಕಿದರೆ ಸಾಮಾನ್ಯವಾಗಿ ಮನೆ ವಾಪಸ್ ಬರುವುದಿಲ್ಲ.

ನಿಮ್ಮ ರಾಜ್ಯ ಯಾವುದು?

ಇಲ್ಲಿ 50 ರಾಜ್ಯಕ್ಕೆ 50 ಲೆಕ್ಕ. ನ್ಯೂಯಾರ್ಕ್, ನ್ಯೂಜೆರ್ಸಿ, ಫ್ಲಾರಿಡಾ, ಇಲಿನಾಯ್, ಒಹಾಯೊ ಇವುಗಳಲ್ಲಿ ಸಾಲ ಕೊಟ್ಟವರು ಕೋರ್ಟಿನಲ್ಲಿ ಕೇಸ್ ಗೆದ್ದು ಮನೆ ಹರಾಜಿಗೆ ಇಡಬೇಕು. ನ್ಯೂಯಾರ್ಕ್, ನ್ಯೂಜೆರ್ಸಿ ಕೇಸ್‌ಗಳು ವರ್ಷಗಟ್ಟಲೆ ಎಳೆಯುವುದು ಹೊಸತೇನಲ್ಲ. ಟೆಕ್ಸಸ್, ಕ್ಯಾಲಿಫೋರ್ನಿಯಾ, ಜಾರ್ಜಿಯಾ, ವಾಷಿಂಗ್ಟನ್, ಮಿಷಿಗನ್‌ಗಳಲ್ಲಿ ಸಾಮಾನ್ಯವಾಗಿ ಕೇಸೇ ಇರುವುದಿಲ್ಲ. ನೋಟಿಸ್ ಕೊಟ್ಟು, ದಿನ ಎಣಿಸಿ, ಹರಾಜು ಕೂಗುತ್ತಾರೆ.

ಟೆಕ್ಸಸ್ ಅತಿ ಚುರುಕು. ಬಾಕಿ ಕಟ್ಟಲು ಕನಿಷ್ಠ 20 ದಿನದ ನೋಟಿಸ್, ಆಮೇಲೆ ಹರಾಜಿಗೆ ಕನಿಷ್ಠ 21 ದಿನದ ನೋಟಿಸ್, ಮತ್ತೆ ತಿಂಗಳ ಮೊದಲ ಮಂಗಳವಾರ ಕೌಂಟಿ ಗೊತ್ತು ಮಾಡಿದ ಜಾಗದಲ್ಲಿ ಹರಾಜು. ಮುಗಿಯಿತು ಅಂದರೆ ಮುಗಿಯಿತು, ಬ್ಯಾಂಕಿನ ಮಾಮೂಲಿ ಮನೆ ಸಾಲದಲ್ಲಿ ಬಿಡಿಸಿಕೊಳ್ಳುವ ಅವಕಾಶ ಇಲ್ಲ. ಆಮೇಲೆ ಹೊಸ ಮಾಲೀಕ ಸಾಮಾನ್ಯವಾಗಿ ಮೂರು ದಿನದ ನೋಟಿಸ್ ಕೊಟ್ಟು ಜಸ್ಟಿಸ್ ಕೋರ್ಟ್ ಅನ್ನೋ ಸ್ಥಳೀಯ ಕೋರ್ಟಿಗೆ ಹೋಗುತ್ತಾನೆ. ಕೇಸ್ ಹಾಕಿ 10ರಿಂದ 21 ದಿನದೊಳಗೆ ವಿಚಾರಣೆ. ತೀರ್ಪು ನಿಮ್ಮ ವಿರುದ್ಧ ಬಂದರೆ ಅಪೀಲಿಗೆ 5 ದಿನ. ಅದೂ ದಾಟಿದರೆ ಕಾನ್‌ಸ್ಟೇಬಲ್ ಬಾಗಿಲಿಗೆ 24 ಗಂಟೆಯ ಎಚ್ಚರಿಕೆ ಅಂಟಿಸುತ್ತಾರೆ. ಎಲ್ಲ ಕೂಡಿಸಿ ನೋಡಿದರೆ ಮೂರು ವಾರದಿಂದ ಒಂದೂವರೆ ತಿಂಗಳು.

ಕ್ಯಾಲಿಫೋರ್ನಿಯಾದಲ್ಲಿ ಹರಾಜಿಗೆ ಮೊದಲು ಉಸಿರಾಡಲು ಸಮಯವಿದೆ. ನೋಟಿಸ್ ಆಫ್ ಡಿಫಾಲ್ಟ್ (ಕಂತು ತಪ್ಪಿದೆ ಅನ್ನೋ ನೋಟಿಸ್) ದಾಖಲಾದ ಮೇಲೆ ಕನಿಷ್ಠ ಮೂರು ತಿಂಗಳು, ಆಮೇಲೆ ಹರಾಜಿನ ನೋಟಿಸ್‌ಗೆ ಇನ್ನೊಂದು 20 ದಿನ. ಹರಾಜಿಗೆ 5 ಕೆಲಸದ ದಿನ ಇರುವವರೆಗೆ ಹಳೆ ಬಾಕಿಯನ್ನಷ್ಟೇ ಕಟ್ಟಿ ಸಾಲವನ್ನು ಮೊದಲಿನಂತೆ ಮಾಡಿಕೊಳ್ಳಬಹುದು. ಹರಾಜಾದ ಮೇಲೆ ಹಳೆ ಮಾಲೀಕನಿಗೆ ಮೂರು ದಿನದ ನೋಟಿಸ್, ಆಮೇಲೆ ಕೋರ್ಟು. 2025ರಿಂದ ಕೇಸಿಗೆ ಉತ್ತರ ಕೊಡಲು 10 ಕೋರ್ಟ್ ದಿನ ಕೊಡುತ್ತಾರೆ, ಮೊದಲು 5 ಇತ್ತು. ಕೊನೆಯಲ್ಲಿ ಶೆರಿಫ್ 5 ದಿನದ ನೋಟಿಸ್ ಅಂಟಿಸುತ್ತಾರೆ. ವಾಷಿಂಗ್ಟನ್‌ನಲ್ಲಿ ಲೆಕ್ಕ ಇನ್ನೂ ಸುಲಭ. ಟ್ರಸ್ಟಿ (ಕೋರ್ಟ್ ಕೇಸ್ ಇಲ್ಲದೆ ಹರಾಜು ನಡೆಸುವವರು) ಹರಾಜು ಮಾಡಿದ 20ನೇ ದಿನ ಕೊಂಡವನಿಗೆ ಮನೆಯ ಹಕ್ಕು ಬರುತ್ತದೆ, ಆಮೇಲೂ ನೀವು ಇದ್ದರೆ ಅವನು ಕೋರ್ಟಿಗೆ ಹೋಗಬೇಕು. ಫ್ಲಾರಿಡಾದಲ್ಲಿ ಹರಾಜಾಗಿ 10 ದಿನ ಯಾರೂ ತಕರಾರು ಮಾಡದಿದ್ದರೆ ಕ್ಲರ್ಕ್ ಹೊಸ ಮಾಲೀಕನಿಗೆ ಟೈಟಲ್ ಪತ್ರ ಕೊಡುತ್ತಾರೆ. ಅಲ್ಲಿ ಕೇಸ್ ಆಗಲೇ ನಡೆದಿರುವುದರಿಂದ ಹೊಸ ಎವಿಕ್ಷನ್ (ಮನೆ ಖಾಲಿ ಮಾಡಿಸುವ) ಕೇಸ್ ಬೇಕಾಗಿಲ್ಲ, ಅದೇ ಕೋರ್ಟಿನಿಂದ ಆದೇಶ ತಂದು ಶೆರಿಫ್ 24 ಗಂಟೆಯ ಕಾಗದ ಅಂಟಿಸಬಹುದು. ಫ್ಲಾರಿಡಾದವರು ಇದನ್ನು ಗಮನಿಸಿ, ಹರಾಜಿಗೆ ಮೊದಲು ಎಷ್ಟು ನಿಧಾನವೋ ಆಮೇಲೆ ಅಷ್ಟೇ ಬೇಗ. ಇಲಿನಾಯ್‌ನಲ್ಲಿ ಹರಾಜನ್ನು ಜಡ್ಜ್ ಒಪ್ಪಿದ ದಿನದಿಂದ 30 ದಿನ ಮಾಲೀಕರು ಇರಬಹುದು.

ಮಿಷಿಗನ್‌ನವರಿಗೆ ಒಳ್ಳೆ ಸುದ್ದಿ. ಹರಾಜಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳು ಮನೆ ಬಿಡಿಸಿಕೊಳ್ಳುವ ಅವಧಿ ಇದೆ, ಆ ಆರು ತಿಂಗಳೂ ಒಳಗೇ ಇರಬಹುದು. ಬಾಡಿಗೆಯೂ ಇಲ್ಲ, ಕಂತೂ ಇಲ್ಲ. ಆದರೆ ಕೊಂಡವನಿಗೆ ಒಳಗೆ ಬಂದು ನೋಡುವ ಹಕ್ಕಿದೆ. ಮನೆ ಕೆಡಿಸಿದ್ದು ಕಂಡರೆ ಅವಧಿಗೆ ಮೊದಲೇ ಹೊರಗೆ ಹಾಕಲು ಕೇಸ್ ಹಾಕಬಹುದು. ಮನೆ ಬಿಟ್ಟುಹೋಗಿದ್ದಾರೆ ಅಂತ ತೋರಿಸಿಕೊಟ್ಟರೆ ಅವಧಿಯೇ 30 ದಿನಕ್ಕೆ ಇಳಿಯಬಹುದು. ಮಿನೆಸೋಟಾದಲ್ಲೂ ಸಾಮಾನ್ಯವಾಗಿ ಆರು ತಿಂಗಳು. ಅಲಬಾಮಾದ್ದು ವಿಚಿತ್ರ. ವಾಸದ ಮನೆ ಬಿಡಿಸಿಕೊಳ್ಳಲು 180 ದಿನ ಕೊಡುತ್ತಾರೆ, ಆದರೆ ಕೊಂಡವನು ಬರವಣಿಗೆಯಲ್ಲಿ ಕೇಳಿದ 10 ದಿನದೊಳಗೆ ಮನೆ ಬಿಟ್ಟುಕೊಡದಿದ್ದರೆ ಆ ಹಕ್ಕೇ ಹೋಗುತ್ತದೆ. ಹೊರಗಿದ್ದುಕೊಂಡು ಮನೆ ಬಿಡಿಸಿಕೊಳ್ಳಬೇಕು!

ಬಾಗಿಲು ತಟ್ಟಿದಾಗ

ನನ್ನ ಗೆಳೆಯನ ಮನೆಗೆ ಶುಕ್ರವಾರ ಬೆಳಿಗ್ಗೆ ಒಬ್ಬರು ಪಿಕಪ್‌ನಲ್ಲಿ ಬಂದರು. ಮೊದಲು ಗಾಡಿಯಲ್ಲೇ ಕೂತು ಮನೆಯ ಫೋಟೊ ತೆಗೆದರು. ಆಮೇಲೆ ಬೆಲ್ ಒತ್ತಿ, "ಈ ಮನೆ ಈಗ ನನ್ನದು, ಯಾವಾಗ ಬಿಡುತ್ತೀರಿ?" ಅಂದರು. ಒರಟಾಗಿ ಏನೂ ಮಾತಾಡಲಿಲ್ಲ. ಇವನಿಗೆ ಗಾಬರಿ, "ಭಾನುವಾರ" ಅಂದುಬಿಟ್ಟ. ನೀವು ಹಾಗೆ ಬಾಯಿಗೆ ಬಂದ ದಿನ ಹೇಳಬೇಡಿ. ಹೆಸರು, ಫೋನ್ ನಂಬರ್ ತಗೊಳ್ಳಿ, ಹರಾಜಿನ ನಂತರ ರಿಜಿಸ್ಟರ್ ಆದ ಡೀಡ್‌ನ (ಮಾಲೀಕತ್ವದ ಪತ್ರ) ನಕಲು ಕೇಳಿ, "ನೋಡಿ ಫೋನ್ ಮಾಡುತ್ತೇನೆ" ಅನ್ನಿ. ಸಹಿ ಮಾತ್ರ ಯಾವುದಕ್ಕೂ ಹಾಕಬೇಡಿ. ಕೌಂಟಿ ಕ್ಲರ್ಕ್ ವೆಬ್‌ಸೈಟ್‌ನಲ್ಲಿ ನಿಮ್ಮ ಹೆಸರು ಹುಡುಕಿದರೆ ಮನೆ ಯಾರ ಹೆಸರಿಗೆ ಹೋಗಿದೆ ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ. ಹರಾಜಿನ ಪಟ್ಟಿ ನೋಡಿಕೊಂಡು ಮಾಲೀಕರ ವೇಷದಲ್ಲಿ ಬರುವ ಮೋಸಗಾರರೂ ಇದ್ದಾರೆ.

ಕೊಂಡವನ ತಲೆಯಲ್ಲಿ ಏನು ಓಡುತ್ತಿರುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಅವನಿಗೆ ಕೋರ್ಟ್ ಫೀ, ವಕೀಲರ ಫೀ, ಒಂದು ತಿಂಗಳ ತೆರಿಗೆ ಮತ್ತು ಇನ್ಶೂರೆನ್ಸ್, ಜೊತೆಗೆ ನೀವು ಸಿಟ್ಟಿನಲ್ಲಿ ಗೋಡೆ ಒಡೆದು ಹೋಗುತ್ತೀರೇನೋ ಅನ್ನೋ ಹೆದರಿಕೆ. ಅದಕ್ಕೇ ಇಲ್ಲಿ ಕ್ಯಾಶ್ ಫಾರ್ ಕೀಸ್ ಅಂತ ಒಂದು ಪದ್ಧತಿ ಇದೆ. ಒಂದು ದಿನಾಂಕಕ್ಕೆ ಮನೆ ಗುಡಿಸಿ ಖಾಲಿ ಮಾಡಿ ಕೀಲಿ ಕೊಟ್ಟರೆ ದುಡ್ಡು ಕೊಡುತ್ತಾರೆ. ಅವರೇ ಕೇಳಬೇಕು ಅಂತಿಲ್ಲ, ನೀವೇ ಕೇಳಬಹುದು. ಕೊಡಲೇಬೇಕು ಅನ್ನೋ ಕಾನೂನೇನೂ ಇಲ್ಲ.

ನಾವು ಕೇಳಿದ್ದು ಹೀಗೆ. "ಮಕ್ಕಳ ಸ್ಕೂಲು ಈ ತಿಂಗಳ ಕೊನೆಗೆ ಮುಗಿಯುತ್ತೆ. ಅಲ್ಲಿವರೆಗೆ ಸಮಯ ಕೊಡಿ, ಸಾಗಿಸುವ ಖರ್ಚಿಗೆ 3,000 ಡಾಲರ್ ಕೊಡಿ, ಮನೆ ಹೇಗಿದೆಯೋ ಹಾಗೇ ಕೊಡುತ್ತೇವೆ, ಕೋರ್ಟು ಬೇಡ." ಅವರು 1,500 ಅಂದರು. ಕೊನೆಗೆ 2,000ಕ್ಕೆ ಕುದುರಿತು. ಒಂದೇ ಹಾಳೆಯ ಒಪ್ಪಂದ. ಯಾವ ದಿನ ಎಷ್ಟು ಗಂಟೆಗೆ ಕೀಲಿ, ಯಾವ ಸಾಮಾನು ಮನೆಯಲ್ಲೇ ಉಳಿಯಬೇಕು, ದುಡ್ಡು ಕೀಲಿ ಕೊಡುವ ಹೊತ್ತಿಗೇ ಕ್ಯಾಷಿಯರ್ಸ್ ಚೆಕ್‌ನಲ್ಲಿ (ಬ್ಯಾಂಕೇ ಬರೆದುಕೊಡುವ ಚೆಕ್), ಅಲ್ಲಿಯವರೆಗೆ ಎವಿಕ್ಷನ್ ಕೇಸ್ ಹಾಕುವುದಿಲ್ಲ. ಈ ಕೊನೆಯ ಸಾಲನ್ನು ನಾವೇ ಪೆನ್ನಿನಲ್ಲಿ ಬರೆದು ಸೇರಿಸಿ, ಇಬ್ಬರ ಇನಿಷಿಯಲ್ ಹಾಕಿಸಿದ್ದೆವು. ನನ್ನ ಲೆಕ್ಕದಲ್ಲಿ ಆ 2,000 ಡಾಲರ್‌ಗಿಂತ ಆ ಸಾಲೇ ದೊಡ್ಡದು. ಯಾಕೆಂದರೆ ಎವಿಕ್ಷನ್ ಕೇಸ್ ಒಮ್ಮೆ ದಾಖಲೆಯಲ್ಲಿ ಬಿತ್ತು ಅಂದರೆ ಮುಂದೆ ಬಾಡಿಗೆ ಅಪಾರ್ಟ್‌ಮೆಂಟ್ ಕೇಳಲು ಹೋದಲ್ಲೆಲ್ಲ ಕಂಪ್ಯೂಟರ್‌ನಲ್ಲಿ ಕಾಣಿಸುತ್ತದೆ. ಫೋರ್‌ಕ್ಲೋಷರ್ ಹೇಗೂ ಏಳು ವರ್ಷ ಕ್ರೆಡಿಟ್ ರಿಪೋರ್ಟ್‌ನಲ್ಲಿ ಇರುತ್ತದೆ, ಅದರ ಮೇಲೆ ಇದೂ ಯಾಕೆ?

ಮಾತುಕತೆ ಮುರಿದು ಕೋರ್ಟ್ ಕಾಗದ ಬಂದರೆ ಕಡೆಗಣಿಸಬೇಡಿ. ಉತ್ತರ ಕೊಡದಿದ್ದರೆ ಎದುರು ಪಾರ್ಟಿ ಕೇಳಿದ್ದು ಹಾಗೇ ಪಾಸಾಗುತ್ತದೆ. ಜಾರ್ಜಿಯಾದಲ್ಲಿ ಉತ್ತರಕ್ಕೆ ಇರುವುದು 7 ದಿನ ಮಾತ್ರ. ಕೋರ್ಟಿಗೆ ಹೋಗಿ, ಸಣ್ಣ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ, ಆಪರೇಷನ್ ತಾರೀಕು, ಏನಿದ್ದರೂ ಕಾಗದದ ಸಮೇತ ಹೇಳಿ. ಎರಡು ವಾರ ಜಾಸ್ತಿ ಸಿಕ್ಕರೆ ಅದೇ ಲಾಭ.

ಮನೆಯ ಒಂದು ಭಾಗ ಬಾಡಿಗೆಗೆ ಕೊಟ್ಟಿದ್ದರೆ ಆ ಬಾಡಿಗೆದಾರರ ಲೆಕ್ಕ ಬೇರೆ. 2009ರಲ್ಲಿ ಬಂದು 2018ರಲ್ಲಿ ಕಾಯಂ ಆದ ಫೆಡರಲ್ ಕಾನೂನಿನ ಪ್ರಕಾರ ಅವರಿಗೆ ಕನಿಷ್ಠ 90 ದಿನದ ನೋಟಿಸ್ ಕೊಡಬೇಕು. ಇದನ್ನು ಕೇಳಿದ ತಕ್ಷಣ ಕೆಲವರಿಗೆ ಐಡಿಯಾ ಹೊಳೆಯುತ್ತದೆ, ಅಪ್ಪನ ಹೆಸರಲ್ಲಿ ಒಂದು ಲೀಸ್ ಮಾಡಿಬಿಡೋಣ ಅಂತ. ನಡೆಯಲ್ಲ. ಮಾಲೀಕನ ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಇದರಲ್ಲಿ ಬರುವುದಿಲ್ಲ ಅಂತ ಕಾನೂನೇ ಹೇಳುತ್ತದೆ.

ಬೇಗ ಓಡಿಹೋಗುವವರ ಕಷ್ಟ

ಜಾಸ್ತಿ ದಿನ ಕೂರುವವರಿಗಿಂತ ಬೇಗ ಓಡುವವರೇ ಜಾಸ್ತಿ ಕಳೆದುಕೊಳ್ಳುತ್ತಾರೆ. ಇದು ನಾನು ಕಣ್ಣಾರೆ ನೋಡಿದ್ದು. ನ್ಯೂಜೆರ್ಸಿಯಲ್ಲಿದ್ದ ದಂಪತಿ, ಇಬ್ಬರ ಕೆಲಸವೂ ಹೋಯಿತು. ಮೊದಲ ಕೋರ್ಟ್ ಕಾಗದ ಬಂದ ವಾರವೇ ಕೀಲಿಯನ್ನು ಅಡಿಗೆಮನೆ ಕಟ್ಟೆಯ ಮೇಲಿಟ್ಟು ಬೆಂಗಳೂರಿಗೆ ಹೊರಟುಹೋದರು. ಸಾಲ ಕೊಟ್ಟವರು ಒಂದೂವರೆ ವರ್ಷ ಹರಾಜೇ ಮಾಡಲಿಲ್ಲ. ಅಷ್ಟೂ ದಿನ ಮನೆ ಇವರ ಹೆಸರಲ್ಲೇ ಇತ್ತು. ಚಳಿಗಾಲದಲ್ಲಿ ಪೈಪ್ ಒಡೆದು ಬೇಸ್‌ಮೆಂಟ್ ತುಂಬ ನೀರು. ಫುಟ್‌ಪಾತಿನ ಹಿಮ ತೆಗೆದಿಲ್ಲ ಅಂತ ಮುನ್ಸಿಪಾಲಿಟಿ ದಂಡ. ಹುಲ್ಲು ಬೆಳೆದಿದೆ ಅಂತ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ದಂಡ, ಮೇಲೆ ಅದರ ತಿಂಗಳ ಬಾಕಿ. ಪತ್ರಗಳೆಲ್ಲ ಖಾಲಿ ಮನೆಯ ಡಬ್ಬಿಗೆ ಬೀಳುತ್ತಿದ್ದವು. ಪಕ್ಕದ ಮನೆಯವರು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ ಮೇಲೆ ಇವರಿಗೆ ಗೊತ್ತಾಗಿದ್ದು.

ಹರಾಜಾಗಿ ಡೀಡ್ ಬೇರೆಯವರ ಹೆಸರಿಗೆ ಹೋಗುವವರೆಗೆ ಮನೆ ನಿಮ್ಮದೇ, ಅದರ ತಲೆನೋವೂ ನಿಮ್ಮದೇ. ಇದ್ದಷ್ಟು ದಿನ ಹುಲ್ಲು ಕತ್ತರಿಸಿ, ಲೈಟ್ ಹಾಕಿ, ಡಬ್ಬಿಯ ಪತ್ರ ತೆಗೆಯಿರಿ. ಇದು ಸುಮ್ನೆ ಚೆನ್ನಾಗಿ ಕಾಣಲಿ ಅಂತಲ್ಲ. ಖಾಲಿ ಅನ್ನಿಸಿದ ಮನೆಗೆ ಸರ್ವಿಸರ್ ಕಡೆಯವರು ಬೀಗ ಬದಲಿಸಿ ಲಾಕ್‌ಬಾಕ್ಸ್ (ಕೀಲಿ ಇಡುವ ಡಬ್ಬಿ) ಹಾಕುತ್ತಾರೆ.

ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಎರಡು ಗಡಿಯಾರ. ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ, ಮನೆಯ ಪ್ರಕ್ರಿಯೆ ಶುರುವಾಗಲೇ 120 ದಿನ ಬೇಕು. ಹಾಗಾಗಿ ಮನೆಯ ಕಥೆ ಮುಗಿಯುವ ಮೊದಲೇ ದೇಶ ಬಿಡಬೇಕಾಗಿ ಬರಬಹುದು. ವಿಮಾನ ಹತ್ತುವ ಮೊದಲು ಇಲ್ಲೇ ನಂಬಿಕಸ್ಥರ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿ ನೋಟರಿ ಹಾಕಿಸಿ, ಸರ್ವಿಸರ್‌ಗೆ ಹೊಸ ವಿಳಾಸ ಬರವಣಿಗೆಯಲ್ಲಿ ಕೊಡಿ, ಚಳಿ ಜಾಗವಾದರೆ ಪೈಪಿನ ನೀರು ಬಸಿದು ಹೋಗಿ. ಸಾಧ್ಯವಿದ್ದರೆ ಹೊರಡುವ ಮೊದಲೇ ಮಾರಾಟಕ್ಕೆ ಇಡಿ. ಮತ್ತೆ, ಕಂತು ಕಟ್ಟದಿದ್ದಕ್ಕೆ ಇಲ್ಲಿ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಈ ಹೆದರಿಕೆಯಿಂದಲೇ ರಾತ್ರೋರಾತ್ರಿ ಹೊರಟವರನ್ನು ಕೇಳಿದ್ದೇನೆ.

ದುಡ್ಡಿನ ವಿಷಯ

ಸಾಲ ಎಲ್ಲ ಸೇರಿ 3 ಲಕ್ಷ 50 ಸಾವಿರ ಡಾಲರ್ ಇದ್ದು ಮನೆ 4 ಲಕ್ಷ 20 ಸಾವಿರಕ್ಕೆ ಹೋದರೆ, ಉಳಿದ 70 ಸಾವಿರ ಕೊಂಡವನದ್ದಲ್ಲ, ಬ್ಯಾಂಕಿನದ್ದೂ ಅಲ್ಲ. ಎರಡನೇ ಸಾಲ, ಎಚ್‌ಒಎ ಬಾಕಿ ಇದ್ದರೆ ಅದನ್ನು ಮುರಿದುಕೊಂಡು ಮಿಕ್ಕಿದ್ದು ನಿಮ್ಮದು. ತಾನಾಗೇ ಮನೆಗೆ ಬರುತ್ತೆ ಅಂತ ಕಾಯಬೇಡಿ, ಹರಾಜು ನಡೆಸಿದ ಟ್ರಸ್ಟಿ ಅಥವಾ ಕೋರ್ಟ್ ಕ್ಲರ್ಕ್ ಹತ್ತಿರ ಕೇಳಿ ಅರ್ಜಿ ಹಾಕಿ. "ನಿಮ್ಮ ದುಡ್ಡು ಬಿಡಿಸಿಕೊಡುತ್ತೇವೆ, ಮೂರರಲ್ಲಿ ಒಂದು ಪಾಲು ಕೊಡಿ" ಅಂತ ಪತ್ರ ಬರೆಯುವವರು ತುಂಬಾ ಜನ ಇದ್ದಾರೆ. ಎಷ್ಟೋ ಸಲ ಆ ಅರ್ಜಿಯನ್ನು ನೀವೇ ತುಂಬಬಹುದು.

ಉಲ್ಟಾ, ಹರಾಜಿನಲ್ಲಿ ಸಾಲ ಪೂರ್ತಿ ತೀರದಿದ್ದರೆ ಉಳಿದದ್ದನ್ನು ಕೇಳಬಹುದಾ? ಕ್ಯಾಲಿಫೋರ್ನಿಯಾದಲ್ಲಿ ಟ್ರಸ್ಟಿ ಹರಾಜಾದ ಮೇಲೆ ಆ ಸಾಲದ ಬಾಕಿ ಕೇಳುವಂತಿಲ್ಲ. ಟೆಕ್ಸಸ್‌ನಲ್ಲಿ ಎರಡು ವರ್ಷದೊಳಗೆ ಕೇಸ್ ಹಾಕಬಹುದು, ಆಗ ಮನೆಯ ನಿಜವಾದ ಮಾರುಕಟ್ಟೆ ಬೆಲೆ ಲೆಕ್ಕ ಹಾಕಿ ಅಂತ ನೀವು ಕೋರ್ಟನ್ನು ಕೇಳಬಹುದು. ಬಾಕಿ ಮನ್ನಾ ಮಾಡಿ 1099-ಸಿ ಅನ್ನೋ ತೆರಿಗೆ ಫಾರ್ಮ್ ಕಳಿಸಿದರೆ ಅದನ್ನು ಆದಾಯ ಅಂತ ತೆರಿಗೆಗೆ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಸಾಲ ಆಸ್ತಿಗಿಂತ ಎಷ್ಟು ಜಾಸ್ತಿ ಇತ್ತೋ ಅಷ್ಟರ ಮಟ್ಟಿಗೆ ಫಾರ್ಮ್ 982 ತುಂಬಿ ಆ ತೆರಿಗೆಯಿಂದ ಬಿಡಿಸಿಕೊಳ್ಳಬಹುದು. ಇದನ್ನು ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕರು) ಹತ್ತಿರ ಕೂತು ಮಾಡಿಸಿ.

ಮೊದಲೇ ಫೀ ಕೇಳಿ "ಮನೆ ಉಳಿಸಿಕೊಡುತ್ತೇವೆ" ಅನ್ನುವ ಕಂಪನಿಗಳಿಂದ ದೂರ ಇರಿ, ಹಾಗೆ ಮುಂಗಡ ಕೇಳುವುದೇ ಫೆಡರಲ್ ನಿಯಮಕ್ಕೆ ವಿರುದ್ಧ. "ಡೀಡ್ ನಮ್ಮ ಹೆಸರಿಗೆ ಮಾಡಿ, ನೀವು ಬಾಡಿಗೆ ಕಟ್ಟಿಕೊಂಡು ಇರಿ" ಅಂದವರಿಗೆ ಬಾಗಿಲು ಹಾಕಿ.

ಬಿಡುವ ದಿನ

ಹೊರಡುವ ದಿನ ಗೊತ್ತಾದ ಮೇಲೆ ಕರೆಂಟ್, ನೀರು, ಗ್ಯಾಸನ್ನು ಮರುದಿನದಿಂದ ನಿಲ್ಲಿಸಲು ಹೇಳಿ, ಅದೇ ದಿನಕ್ಕೆ ಬೇಡ, ಗುಡಿಸಿ ಒರೆಸಲು ಬೇಕಾಗುತ್ತದೆ. ಸಿಟ್ಟು ಬಂದರೂ ಒಲೆ, ಸಿಂಕು, ಫ್ಯಾನು ಕಿತ್ತುಕೊಂಡು ಹೋಗಬೇಡಿ, ಮನೆಗೆ ಜೋಡಿಸಿದ್ದು ಮನೆಯ ಜೊತೆ ಹೋಯಿತು. ಪ್ರತಿ ಕೋಣೆಯ ವಿಡಿಯೊ ತೆಗೆಯಿರಿ, ನಲ್ಲಿ ತಿರುಗಿಸಿ ನೀರು ಬರುವುದೂ ಕಾಣಲಿ. ನನ್ನ ಗೆಳೆಯ ಕೀಲಿಗೊಂಚಲು ಕೊಟ್ಟು, ಚೆಕ್ ತಗೊಂಡು, ರಸೀದಿಗೆ ಸಹಿ ಹಾಕಿಸಿ ಹೊರಟ. ಎರಡು ಮೈಲಿ ಹೋದ ಮೇಲೆ ಹೆಂಡತಿ ಕಾರಿನ ವೈಸರ್ ತೋರಿಸಿದಳು. ಗರಾಜ್ ರಿಮೋಟ್ ಅಲ್ಲೇ ಸಿಕ್ಕಿಸಿತ್ತು. ವಾಪಸ್ ಹೋಗಿ ಕೊಟ್ಟು ಬಂದರು.